ಹಳೆಯ ಅಂಬಾಸಿಡರನ್ನು ಮನೆಗೆ ತರುವ ಮುನ್ನ

ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ನಮ್ಮ ಕಡೆಯ ಮನೆಗಳಲ್ಲಿ ಕಾರಿನ ಮಾತು ಏಳುವುದುಂಟು. ಹೊಸತರ ಬೆಲೆ ಕೇಳಿ ಹಿಂದೆ ಸರಿದವರಿಗೆ ಅಜ್ಜನ ಅಂಗಳದಲ್ಲಿ ನಿಲ್ಲುತ್ತಿದ್ದ ಬಿಳಿ ಅಂಬಾಸಿಡರಿನ ನೆನಪಾಗುತ್ತದೆ. ಹೆರಿಗೆಗೆಂದು ನಡುರಾತ್ರಿ ಮಂಗಳೂರಿಗೆ ಓಡಿದ್ದು ಅದೇ, ದಿಬ್ಬಣದಲ್ಲಿ ಎಂಟು ಮಂದಿಯನ್ನು ತುಂಬಿಕೊಂಡು ಹೋದದ್ದೂ ಅದೇ. ಅಂಥದ್ದೊಂದು ಅಗ್ಗಕ್ಕೆ ಸಿಕ್ಕರೆ ಬಿಡುವುದೇಕೆ ಎಂದು ಕೇಳುವವರಿಗಾಗಿ ಈ ನಾಲ್ಕು ಮಾತು. ನಾವೂ ಒಂದನ್ನು ಕೊಂಡು ಕೈ ಸುಟ್ಟುಕೊಂಡವರೇ ಆದ್ದರಿಂದ ಬರೆಯುವ ಅಧಿಕಾರ ಸ್ವಲ್ಪ ಇದೆ ಎಂದುಕೊಂಡಿದ್ದೇವೆ.

ಹಿಂದೂಸ್ತಾನ್ ಮೋಟಾರ್ಸ್ ಕಂಪೆನಿಯ ಉತ್ತರಪಾರಾ ಕಾರ್ಖಾನೆಯಲ್ಲಿ ಅಂಬಾಸಿಡರಿನ ತಯಾರಿ 2014ರ ಮೇ ತಿಂಗಳಲ್ಲಿ ನಿಂತಿತು. ಹಾಗಾಗಿ ಮಾರಾಟಕ್ಕೆ ಬರುವುದೆಲ್ಲ ಹಳೆಯದೇ. ಮಾರುವವರು ಇಂಜಿನು ಸ್ಟಾರ್ಟ್ ಮಾಡಿ ಅದರ ಸದ್ದು ಕೇಳಿಸುತ್ತಾರೆ. ಕೊಳ್ಳುವವರು ಅದಕ್ಕೆ ತಲೆದೂಗುತ್ತಾರೆ. ನಾವು ಹೇಳುವುದು, ಇಂಜಿನನ್ನು ಕೊನೆಗೆ ನೋಡಿ, ಮೊದಲು ತಗಡು ನೋಡಿ ಎಂದು. ಇಂಜಿನು ಬಿಚ್ಚಿ ಕಟ್ಟಿದರೆ ಮತ್ತೆ ಓಡುತ್ತದೆ, ತುಕ್ಕು ಹಿಡಿದ ಬಾಡಿಗೆ ಮದ್ದು ಕಡಿಮೆ.

ಇದಕ್ಕೆ ಕಾರಣವಿದೆ. ಲಾರಿಗೆ ಕೆಳಗೆ ಬೇರೆಯೇ ಚಾಸಿಸ್ ಇರುತ್ತದೆ. ಅಂಬಾಸಿಡರಿಗೆ ಹಾಗಿಲ್ಲ, ಬಾಡಿಯೇ ಅದರ ಎಲುಬು. ಬಾಗಿಲ ಕೆಳಗಿನ ಅಂಚು ಮತ್ತು ನೆಲದ ತಗಡು ಕರಗಿದರೆ ಕಾರು ಬಲವನ್ನೇ ಕಳೆದುಕೊಂಡಂತೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ, ಒಂದು ಕಡೆ ಉಪ್ಪುಗಾಳಿಯ ಕಡಲಿರುವ ಜಿಲ್ಲೆ ನಮ್ಮದು. ಬಾಗಿಲುಗಳ ತಳದಲ್ಲಿ ನೀರು ಹರಿದು ಹೋಗಲು ಸಣ್ಣ ತೂತುಗಳಿರುತ್ತವೆ. ನಮ್ಮ ಕೆಂಪು ಮಣ್ಣು ಅವನ್ನು ಮುಚ್ಚಿದರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ.

ನಾವು ಕೊಂಡ ಕಾರು ನೋಡಲು ಹೊಸ ಮದುಮಗನಂತಿತ್ತು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಹಿಂದಿನ ಸೀಟಿನವರ ಕಾಲಡಿ ಒದ್ದೆಯಾಗತೊಡಗಿತು. ಚಾಪೆ ಎತ್ತಿದರೆ ಕೆಳಗೆ ರಸ್ತೆ ಕಾಣುತ್ತಿತ್ತು! ಬಾಗಿಲಂಚಿಗೆ ಪುಟ್ಟಿ ಮೆತ್ತಿ ಮೇಲೆ ಪೈಂಟು ಹೊಡೆದಿದ್ದರು. ಮಾರಿದವರನ್ನು ದೂರಿ ಫಲವಿರಲಿಲ್ಲ, ನೋಡದೆ ಕೊಂಡವರು ನಾವು. ಒಂದು ಸಣ್ಣ ಅಯಸ್ಕಾಂತ ಜೇಬಿನಲ್ಲಿದ್ದಿದ್ದರೆ ಸಾಕಿತ್ತು. ತಗಡಿರುವಲ್ಲಿ ಅದು ಹಿಡಿಯುತ್ತದೆ, ದಪ್ಪಗೆ ಪುಟ್ಟಿ ಇರುವಲ್ಲಿ ಜಾರಿ ಬೀಳುತ್ತದೆ. ಬಾಗಿಲಂಚು, ಚಕ್ರದ ಮೇಲಿನ ಕಮಾನು, ಡಿಕ್ಕಿಯ ತಳ, ಇಷ್ಟಕ್ಕೆ ತಾಗಿಸಿ ನೋಡಿ. ಚಾಪೆಯನ್ನು ಎತ್ತಿಯೇ ನೋಡಿ, ಮಾರುವವರು ಮುಖ ಸಿಂಡರಿಸಿದರೂ ಸರಿ.

ಮುಂದಿನದು ಬ್ರೇಕು. ಹಳೆಯ ಮಾದರಿಗಳಿಗೆ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ನೀರು ನಿಂತ ರಸ್ತೆ ದಾಟಿದರೆ ಡ್ರಮ್ಮಿನೊಳಗೆ ನೀರು ಹೋಗಿ ಹಿಡಿತ ತಪ್ಪುತ್ತದೆ. ಒಮ್ಮೆ ಪೆರ್ಲದ ಕಡೆಗೆ ಹೋಗುವಾಗ ತೋಡಿನ ನೀರು ರಸ್ತೆಗೆ ಹರಿದಿತ್ತು. ಅದನ್ನು ದಾಟಿದೆವು, ಎದುರಿಗೇ ಇಳಿಜಾರು. ಪೆಡಲು ಕಲ್ಲಿನಂತೆ ಗಟ್ಟಿ, ಕಾರು ಮಾತ್ರ ನಿಲ್ಲದು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕು ಎಳೆದು ತಿರುವಿನ ಬಳಿ ಹೇಗೋ ನಿಲ್ಲಿಸಿದ್ದಾಯಿತು. ಹಿಂದೆ ಮಕ್ಕಳಿದ್ದರು. ನೀರು ದಾಟಿದ ಮೇಲೆ ಪೆಡಲನ್ನು ಹಗುರವಾಗಿ ಒತ್ತಿಕೊಂಡು ನಿಧಾನ ಸ್ವಲ್ಪ ದೂರ ಹೋದರೆ ಬಿಸಿಗೆ ನೀರು ಆರುತ್ತದೆ ಎಂಬುದನ್ನು ಅಂದಿನಿಂದ ಮರೆತಿಲ್ಲ. ಕೊಳ್ಳುವಾಗ ಇನ್ನೊಂದು ಪರೀಕ್ಷೆ ಮಾಡಬಹುದು. ನಿಂತ ಕಾರಿನಲ್ಲಿ ಪೆಡಲನ್ನು ಒಂದು ನಿಮಿಷ ಒತ್ತಿ ಹಿಡಿಯಿರಿ. ಮೆಲ್ಲನೆ ತಳಕ್ಕೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ ರಬ್ಬರು ಸವೆದಿದೆ, ಇಲ್ಲವೇ ಎಲ್ಲೋ ಎಣ್ಣೆ ಸೋರುತ್ತಿದೆ.

ಮುಂದಿನ ಚಕ್ರವನ್ನು ಜಾಕಿಯಿಂದ ಎತ್ತಿ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಟಕ್ ಟಕ್ ಎಂದು ಆಡಿದರೆ ಕಿಂಗ್ ಪಿನ್ನೋ ಬೇರಿಂಗೋ ಸವೆದಿದೆ. ಈ ಕಾರಿನ ಮುಂಭಾಗಕ್ಕೆ ಸಾವಿರ, ಒಂದೂವರೆ ಸಾವಿರ ಕಿಲೋಮೀಟರಿಗೊಮ್ಮೆ ಗ್ರೀಸು ಹೊಡೆಯಲೇಬೇಕು. ಈಗಿನ ಕಾರುಗಳಿಗೆ ಆ ಕೆಲಸವಿಲ್ಲದ್ದರಿಂದ ಹುಡುಗರಿಗೆ ನಿಪ್ಪಲ್ ಎಲ್ಲಿದೆಯೆಂಬುದೇ ಗೊತ್ತಿರುವುದಿಲ್ಲ. ಸ್ಟಿಯರಿಂಗಿನ ಪಕ್ಕದ ಗೇರು ಸಡಿಲವಾಗಿ ಆಡುವುದು ಸಾಮಾನ್ಯ, ಬುಷ್ ಬದಲಿಸಿದರೆ ಸರಿಹೋಗುತ್ತದೆ.

ಈಗ ಇಂಜಿನು. ಹಳೆಯ 1,489 ಸಿ.ಸಿ. ಇಂಜಿನಿನ ಕೆಳಗೆ ನಾಲ್ಕು ಹನಿ ಎಣ್ಣೆ ಬಿದ್ದರೆ ಗಾಬರಿ ಬೇಡ, ಅದು ಅದರ ಹುಟ್ಟುಗುಣ. ನೀಲಿ ಹೊಗೆ ಬಂದರೆ ಮಾತ್ರ ಪಿಸ್ಟನ್ ರಿಂಗಿನ ಲೆಕ್ಕ ಹಾಕಿಕೊಳ್ಳಿ. ಆಯಿಲು ಮಜ್ಜಿಗೆಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಬೆರೆತಿರುವ ಸಂಶಯ. ಸೀಸ ಬೆರೆತ ಪೆಟ್ರೋಲು ನಮ್ಮ ದೇಶದಲ್ಲಿ 2000ರಲ್ಲಿ ನಿಂತಿತು. ಆ ಸೀಸವೇ ಹಳೆಯ ಇಂಜಿನುಗಳ ವಾಲ್ವ್ ಸೀಟನ್ನು ಕಾಯುತ್ತಿತ್ತು, ಈಗ ಅದು ಬೇಗ ಸವೆಯುತ್ತದೆ. ಸಾಲದ್ದಕ್ಕೆ ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರಷ್ಟು ಎಥನಾಲ್. ಹಳೆಯ ರಬ್ಬರ್ ಪೈಪು, ಪೆಟ್ರೋಲ್ ಪಂಪಿನ ಡಯಾಫ್ರಾಮ್ ಇದಕ್ಕೆ ಒಗ್ಗುವುದಿಲ್ಲ, ಮೆತ್ತಗಾಗಿ ಬಿರಿಯುತ್ತವೆ. ಬಿಸಿ ಇಂಜಿನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಾರು ತಂದ ವಾರದೊಳಗೆ ಪೈಪುಗಳನ್ನೆಲ್ಲ ಬದಲಿಸುವುದು ಕ್ಷೇಮ. ಇನ್ನು ಬೇಸಗೆಯಲ್ಲಿ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಗಾಡಿ ನಿಂತರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕುವ ಡ್ರೈವರರ ಹಳೆಯ ವಿದ್ಯೆ ಇಂದಿಗೂ ಫಲಿಸುತ್ತದೆ.

ಖರ್ಚಿನ ಮಾತಿಗೆ ಬರೋಣ. ಖಾಸಗಿ ಕಾರಿನ ನೋಂದಣಿಗೆ 15 ವರ್ಷ ಆಯುಸ್ಸು, ಆಮೇಲೆ 5 ವರ್ಷಕ್ಕೊಮ್ಮೆ ನವೀಕರಣ. ಇದರ ಶುಲ್ಕ 600 ರೂ. ಇದ್ದದ್ದು 2022ರ ಎಪ್ರಿಲಿನಲ್ಲಿ 5,000 ರೂ. ಆಯಿತು. 20 ವರ್ಷ ಮೀರಿದ ಕಾರಿಗೆ 10,000 ರೂ. ಎಂದು 2025ರ ಆಗಸ್ಟಿನಲ್ಲಿ ಕೇಂದ್ರದ ಅಧಿಸೂಚನೆ ಬಂತು. ಕೇರಳ ಸರಕಾರದ ತೆರಿಗೆ ಬೇರೆ. 15 ವರ್ಷ ಕಳೆದ, 750ರಿಂದ 1,500 ಕಿಲೋ ತೂಕದ ಕಾರಿಗೆ 5 ವರ್ಷಕ್ಕೆ 8,600 ರೂ. ಇದ್ದದ್ದನ್ನು 2025ರಲ್ಲಿ 12,900ಕ್ಕೆ ಏರಿಸಿದರು. ಅಂಬಾಸಿಡರ್ ಈ ತೂಕದ್ದೇ. ವಿಮೆಯಲ್ಲಿ ಒಂದು ಸೂಕ್ಷ್ಮವಿದೆ. 2022ರ ಜೂನಿನ ದರದಂತೆ ಥರ್ಡ್ ಪಾರ್ಟಿ ವಿಮೆಗೆ 1,500 ಸಿ.ಸಿ. ಒಳಗಿನ ಕಾರಿಗೆ ವರ್ಷಕ್ಕೆ 3,416 ರೂ., ಮೀರಿದರೆ 7,897 ರೂ. ಹಳೆಯ 1,489 ಸಿ.ಸಿ. ಇಂಜಿನು ಕೂದಲೆಳೆಯಲ್ಲಿ ಪಾರಾಗುತ್ತದೆ. ಇಸುಜು ಇಂಜಿನಿನ 1,817 ಸಿ.ಸಿ. ಮಾದರಿ ಪಾರಾಗುವುದಿಲ್ಲ. ಲೆಕ್ಕ ಹಾಕಿದರೆ, 20 ವರ್ಷ ದಾಟಿದ ಕಾರು ಅಂಗಳ ಬಿಟ್ಟು ಕದಲದಿದ್ದರೂ 5 ವರ್ಷಕ್ಕೆ ಹತ್ತಿರ ಹತ್ತಿರ 40,000 ರೂ. ಬೇಕು. ಪೆಟ್ರೋಲು ಲೀಟರಿಗೆ ಒಂಬತ್ತು ಕಿಲೋಮೀಟರ್ ಕೊಟ್ಟರೆ ಪುಣ್ಯ. ತಿಂಗಳಿಗೆ 500 ಕಿಲೋಮೀಟರ್ ಓಡಿಸುವ ಮನೆಗೆ 55 ಲೀಟರು. ಬಿಡಿಭಾಗಗಳಲ್ಲಿ ಕೆಲವನ್ನು ಕೋಲ್ಕತ್ತಾದ ಕಡೆಯಿಂದ ತರಿಸಬೇಕಾಗುತ್ತದೆ.

ಮಂಗಳೂರು, ಪುತ್ತೂರುಗಳಲ್ಲಿ ಅಗ್ಗಕ್ಕೆ ಸಿಕ್ಕಿತೆಂದು ತರುವವರು ಒಂದು ಗಮನಿಸಬೇಕು. ಗಡಿ ನಮಗೆ ನೆಂಟರ ಮನೆಯ ಹೊಸ್ತಿಲು, ಆದರೆ ಕಾನೂನಿಗೆ ಅದು ಇನ್ನೊಂದು ರಾಜ್ಯ. ಅಲ್ಲಿಯ ಕಚೇರಿಯ ನಿರಾಕ್ಷೇಪಣ ಪತ್ರ ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. 12 ತಿಂಗಳು ಮೀರಿ ಇಲ್ಲಿ ಇಟ್ಟುಕೊಳ್ಳುವುದಾದರೆ ಕೇರಳದ ನಂಬ್ರ ಪಡೆಯಬೇಕು, ಇಲ್ಲಿಯ ತೆರಿಗೆ ಕಟ್ಟಬೇಕು. ಹೆಸರು ಬದಲಾಗದಿದ್ದರೆ ನಾಳೆ ಅಪಘಾತವಾದಾಗ ಹಳೆಯ ಮಾಲಕರಿಗೂ ನಿಮಗೂ ಕೋರ್ಟು ತಪ್ಪದು. ಕೈಗೆ ಕೊಟ್ಟ ಕಾಗದ ಮಲಯಾಳದಲ್ಲಿದ್ದು ನಿಮಗೆ ಓದು ಬಾರದಿದ್ದರೆ ಬಲ್ಲವರಿಂದ ಓದಿಸಿಕೊಳ್ಳದೆ ರುಜು ಹಾಕಬೇಡಿ. ಏಜೆಂಟರು ಅವಸರ ಮಾಡುತ್ತಾರೆ, ಮಾಡಲಿ.

ಇಷ್ಟೆಲ್ಲ ಆಗಿಯೂ ನಮ್ಮ ಕಾರನ್ನು ಮಾರಿಲ್ಲ. ನೆಲಕ್ಕೆ ಹೊಸ ತಗಡು ಬೆಸೆದದ್ದಾಯಿತು, ಬ್ರೇಕಿನ ರಬ್ಬರುಗಳನ್ನೆಲ್ಲ ಬದಲಿಸಿದ್ದಾಯಿತು. ಮಳೆಗಾಲದಲ್ಲಿ ದೂರಕ್ಕೆ ಒಯ್ಯುವುದಿಲ್ಲ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಪೇಟೆಯವರೆಗೆ ಹೋಗಿ ಬರುತ್ತೇವೆ, ಬಾಗಿಲ ತಳದ ತೂತುಗಳಿಗೆ ಹಿಡಿಸೂಡಿಯ ಕಡ್ಡಿ ಹಾಕಿ ಮಣ್ಣು ತೆಗೆಯುತ್ತೇವೆ.