ಮಿಸ್ಟರಿ ಸೈನ್ಸ್ ಥಿಯೇಟರ್ 3000

ಮಿಸ್ಟರಿ ಸೈನ್ಸ್ ಥಿಯೇಟರ್ 3000 ಅಮೆರಿಕದ ಒಂದು ಹಾಸ್ಯಪ್ರಧಾನ ದೂರದರ್ಶನ ಸರಣಿ. ಇದರ ಸೃಷ್ಟಿಕರ್ತರು ಹಾಸ್ಯಗಾರ ಜೋಯಲ್ ಹಾಡ್ಗ್‌ಸನ್. ಒಬ್ಬ ಮನುಷ್ಯನೂ ಅವನ ಇಬ್ಬರು ಯಂತ್ರಮಾನವ ಗೆಳೆಯರೂ ಚಿತ್ರಮಂದಿರದಲ್ಲಿ ಕುಳಿತು, ಹಿಂದಿನ ದಶಕಗಳ ಕಳಪೆ ಚಲನಚಿತ್ರವೊಂದನ್ನು ಮೊದಲಿನಿಂದ ಕೊನೆಯವರೆಗೆ ನೋಡುತ್ತ, ಅದು ಓಡುತ್ತಿರುವಾಗಲೇ ಗೇಲಿಯ ಮಾತುಗಳನ್ನು ಸೇರಿಸುತ್ತ ಹೋಗುವುದು ಇದರ ಸ್ವರೂಪ. 1988ರ ನವೆಂಬರ್ 24ರಂದು ಮಿನೆಸೋಟ ರಾಜ್ಯದ ಮಿನಿಯಾಪೊಲಿಸ್ ನಗರದ ಕೆಟಿಎಂಎ ಎಂಬ ಸ್ಥಳೀಯ ವಾಹಿನಿಯಲ್ಲಿ ಇದರ ಪ್ರಸಾರ ಆರಂಭವಾಯಿತು. 1999ರಲ್ಲಿ ಕೊನೆಗೊಂಡ ಮೊದಲ ಅವಧಿಯಲ್ಲಿ 197 ಸಂಚಿಕೆಗಳು ಪ್ರಸಾರವಾದವು. ಅಭಿಮಾನಿಗಳು ಕೂಡಿಸಿದ ಹಣದಿಂದ 2017ರಲ್ಲಿ ಸರಣಿ ಮತ್ತೆ ಆರಂಭವಾಯಿತು. ಮರೆತುಹೋಗಿದ್ದ ಹಲವು ಚಿತ್ರಗಳನ್ನು ಹೊಸ ತಲೆಮಾರಿನ ಪ್ರೇಕ್ಷಕರಿಗೆ ತಲುಪಿಸಿದ ಕಾರ್ಯಕ್ರಮವೆಂದೂ ಇದನ್ನು ಗುರುತಿಸಲಾಗುತ್ತದೆ.

ಹಿನ್ನೆಲೆ

ಕೆಟ್ಟ ಚಿತ್ರಗಳನ್ನು ಕೆಟ್ಟವೆಂದು ತಿಳಿದೇ ಸಂತೋಷದಿಂದ ನೋಡುವ ಅಭ್ಯಾಸ ಈ ಸರಣಿಗಿಂತ ಹಳೆಯದು. 1950ರ ದಶಕದಿಂದ ಅಮೆರಿಕದ ಸ್ಥಳೀಯ ವಾಹಿನಿಗಳು ರಾತ್ರಿಯ ಹೊತ್ತು ಅಗ್ಗದ ಭಯಾನಕ ಚಿತ್ರಗಳನ್ನು ತೋರಿಸುತ್ತಿದ್ದವು. ಅವುಗಳ ನಡುನಡುವೆ ವಿಚಿತ್ರ ವೇಷದ ನಿರೂಪಕರು ಬಂದು ಚಿತ್ರವನ್ನೇ ಲೇವಡಿ ಮಾಡಿ ಹೋಗುತ್ತಿದ್ದರು. 1954ರಲ್ಲಿ ಲಾಸ್ ಏಂಜಲೀಸ್‌ನ ವಾಹಿನಿಯೊಂದರಲ್ಲಿ ಕಾಣಿಸಿಕೊಂಡ 'ವ್ಯಾಂಪೈರಾ' ಇಂಥವರಲ್ಲಿ ಮೊದಲಿಗಳು. 1966ರಲ್ಲಿ ವುಡಿ ಅಲೆನ್ ಜಪಾನಿನ ಗೂಢಚಾರ ಚಿತ್ರವೊಂದರ ಸಂಭಾಷಣೆಯನ್ನು ತೆಗೆದುಹಾಕಿ, ಹಾಸ್ಯದ ಹೊಸ ಸಂಭಾಷಣೆ ಜೋಡಿಸಿ 'ವಾಟ್ಸ್ ಅಪ್, ಟೈಗರ್ ಲಿಲಿ?' ಎಂಬ ಹೆಸರಿನಲ್ಲಿ ಬಿಡುಗಡೆ ಮಾಡಿದರು. 1980ರಲ್ಲಿ ಹ್ಯಾರಿ ಮತ್ತು ಮೈಕೆಲ್ ಮೆಡ್‌ವೆಡ್ ಸಹೋದರರ 'ದಿ ಗೋಲ್ಡನ್ ಟರ್ಕಿ ಅವಾರ್ಡ್ಸ್' ಪುಸ್ತಕ ಪ್ರಕಟವಾಗಿ, ಅತ್ಯಂತ ಕೆಟ್ಟ ಚಿತ್ರ ಯಾವುದೆಂಬ ಚರ್ಚೆಯೇ ಒಂದು ವಿನೋದವಾಯಿತು.

ಹಾಡ್ಗ್‌ಸನ್ ಇದಕ್ಕೆ ಹೊಸದೊಂದನ್ನು ಸೇರಿಸಿದರು. ನಿರೂಪಕನು ಚಿತ್ರದ ನಡುವೆ ಬಂದು ಹೋಗುವುದರ ಬದಲು ಚಿತ್ರದುದ್ದಕ್ಕೂ ಪ್ರೇಕ್ಷಕನ ಮುಂದಿನ ಸಾಲಿನಲ್ಲೇ ಕುಳಿತಿರುವಂತೆ ಮಾಡಿದರು. ಪರದೆಯ ಕೆಳಭಾಗದಲ್ಲಿ ಬಲಕ್ಕೆ ಕುರ್ಚಿಗಳ ಸಾಲೂ ಮೂವರು ಪಾತ್ರಧಾರಿಗಳ ಕಪ್ಪು ನೆರಳೂ ಸದಾ ಕಾಣುತ್ತಿರುತ್ತವೆ. ಎಲ್ಟನ್ ಜಾನ್ ಅವರ 'ಗುಡ್‌ಬೈ ಯೆಲ್ಲೋ ಬ್ರಿಕ್ ರೋಡ್' ಧ್ವನಿಮುದ್ರಿಕೆಯ ಒಳಪುಟದಲ್ಲಿದ್ದ, ಸಿನಿಮಾ ನೋಡುತ್ತ ಕುಳಿತವರ ನೆರಳುಚಿತ್ರ ಇದಕ್ಕೆ ಪ್ರೇರಣೆ. ಬಾಹ್ಯಾಕಾಶದಲ್ಲಿ ಯಂತ್ರಮಾನವರೊಡನೆ ಏಕಾಂಗಿಯಾಗಿ ಬದುಕುವ ಮನುಷ್ಯನ ಕಲ್ಪನೆಗೆ 1972ರ 'ಸೈಲೆಂಟ್ ರನ್ನಿಂಗ್' ಚಿತ್ರ ಪ್ರೇರಣೆಯಾಯಿತು.

ಕಥೆಯ ಚೌಕಟ್ಟು

ಗಿಜ್ಮಾನಿಕ್ ಎಂಬ ಸಂಸ್ಥೆಯಲ್ಲಿ ಕಸ ಗುಡಿಸುವ ಕೆಲಸದಲ್ಲಿದ್ದ ಜೋಯಲ್ ರಾಬಿನ್ಸನ್‌ನನ್ನು ಇಬ್ಬರು ಹುಚ್ಚು ವಿಜ್ಞಾನಿಗಳು 'ಸ್ಯಾಟಲೈಟ್ ಆಫ್ ಲವ್' ಎಂಬ ನೌಕೆಯಲ್ಲಿ ಬಾಹ್ಯಾಕಾಶಕ್ಕೆ ಹಾರಿಸುತ್ತಾರೆ. ಕೆಟ್ಟ ಚಿತ್ರಗಳನ್ನು ಒಂದರ ಮೇಲೊಂದರಂತೆ ತೋರಿಸುತ್ತ ಹೋದರೆ ಮನುಷ್ಯನ ಬುದ್ಧಿ ಯಾವ ಹಂತದಲ್ಲಿ ಸೋಲುತ್ತದೆ ಎಂಬುದನ್ನು ಕಂಡುಹಿಡಿಯುವುದು ಅವರ ಪ್ರಯೋಗ. ಒಂಟಿತನ ತಾಳಲಾರದೆ ಜೋಯಲ್ ನೌಕೆಯ ಬಿಡಿಭಾಗಗಳಿಂದಲೇ ಯಂತ್ರಮಾನವರನ್ನು ರಚಿಸಿಕೊಳ್ಳುತ್ತಾನೆ. ಚಿತ್ರ ಯಾವಾಗ ಆರಂಭವಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ನಿಯಂತ್ರಿಸುವ ಭಾಗಗಳನ್ನೇ ಇದಕ್ಕೆ ಬಳಸಿಬಿಟ್ಟದ್ದರಿಂದ ಚಿತ್ರವನ್ನು ನಿಲ್ಲಿಸುವ ಉಪಾಯ ಅವನಿಗಿಲ್ಲ. ಹಾಸ್ಯವೊಂದೇ ಅವನಿಗೆ ಉಳಿದ ರಕ್ಷಣೆ.

ವಿಜ್ಞಾನಿಗಳ ಮುಖ್ಯಸ್ಥ ಡಾ. ಕ್ಲೇಟನ್ ಫಾರೆಸ್ಟರ್. 1953ರ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಚಿತ್ರದ ನಾಯಕನ ಹೆಸರನ್ನೇ ಇವನಿಗೆ ಇಡಲಾಗಿದೆ. ಸಂಚಿಕೆಯ ನಡುವೆ ಕೆಲವು ಬಾರಿ ಪಾತ್ರಗಳು ಚಿತ್ರಮಂದಿರದಿಂದ ಹೊರಬಂದು ಪುಟ್ಟ ಪ್ರಹಸನಗಳನ್ನು ಅಭಿನಯಿಸುತ್ತವೆ. ಇವು ಬಹುಮಟ್ಟಿಗೆ ಆಯಾ ಸಂಚಿಕೆಯ ಚಿತ್ರಕ್ಕೇ ಸಂಬಂಧಿಸಿರುತ್ತವೆ.

ಪಾತ್ರಗಳು ಮತ್ತು ಪಾತ್ರಧಾರಿಗಳು

ಯಂತ್ರಮಾನವರಲ್ಲಿ ಟಾಮ್ ಸರ್ವೋ ಮತ್ತು ಕ್ರೋ ಮುಖ್ಯರು. ಇಬ್ಬರೂ ಕೈಯಿಂದ ಆಡಿಸುವ ಗೊಂಬೆಗಳು, ಮನೆಯಲ್ಲೂ ಅಂಗಡಿಯಲ್ಲೂ ಸಿಗುವ ಸಾಮಾನುಗಳಿಂದ ತಯಾರಾದವರು. ಚ್ಯೂಯಿಂಗ್ ಗಮ್ ಉಂಡೆಗಳನ್ನು ತುಂಬಿಡುವ ಗಾಜಿನ ಬುರುಡೆಯಂಥ ಆಟಿಕೆ ಸರ್ವೋನ ತಲೆಯಾಗಿದೆ. ಸೀಳಿದ ಬೌಲಿಂಗ್ ಪಿನ್ ಕ್ರೋನ ಬಾಯಿಯಾದರೆ, ಪಿಂಗ್‌ಪಾಂಗ್ ಚೆಂಡುಗಳು ಕಣ್ಣುಗಳಾಗಿವೆ. ಸರ್ವೋ ತನ್ನ ಪಾಂಡಿತ್ಯ ಮತ್ತು ಕಂಠದ ಬಗ್ಗೆ ಹೆಮ್ಮೆಪಡುವವನು, ಕ್ರೋ ಕುಚೋದ್ಯದವನು. ನೌಕೆಯನ್ನು ನಡೆಸುವ ಜಿಪ್ಸಿ ಮತ್ತು ಎಲ್ಲವನ್ನೂ ಚಿತ್ರೀಕರಿಸುವ ಕ್ಯಾಮ್‌ಬಾಟ್ ಉಳಿದಿಬ್ಬರು.

ಸರ್ವೋನ ಪಾತ್ರವನ್ನು ಮೊದಲು ಜೋಶ್ ವೈನ್‌ಸ್ಟೀನ್, ಬಳಿಕ ಕೆವಿನ್ ಮರ್ಫಿ ನಿರ್ವಹಿಸಿದರು. ಕ್ರೋನ ಪಾತ್ರವನ್ನೂ ಡಾ. ಫಾರೆಸ್ಟರ್ ಪಾತ್ರವನ್ನೂ ಟ್ರೇಸ್ ಬೋಲ್ಯೂ ನಿರ್ವಹಿಸಿದರು. ಅವರು ನಿರ್ಗಮಿಸಿದ ಮೇಲೆ ಕ್ರೋನ ಪಾತ್ರ ಬಿಲ್ ಕಾರ್ಬೆಟ್ ಅವರಿಗೆ ಬಂದಿತು. ಫ್ರಾಂಕ್ ಕಾನಿಫ್ ವಿಜ್ಞಾನಿಯ ಸಹಾಯಕನಾಗಿ, ಮೇರಿ ಜೋ ಪೀಲ್ ವಿಜ್ಞಾನಿಯ ತಾಯಿಯಾಗಿ ಕಾಣಿಸಿಕೊಂಡರು. 1993ರ ಅಕ್ಟೋಬರ್‌ನಲ್ಲಿ, 'ಮಿಚೆಲ್' (1975) ಚಿತ್ರದ ಸಂಚಿಕೆಯೊಂದಿಗೆ ಹಾಡ್ಗ್‌ಸನ್ ಸರಣಿಯನ್ನು ತೊರೆದರು. ಅವರ ಸ್ಥಾನಕ್ಕೆ ಪ್ರಧಾನ ಬರಹಗಾರ ಮೈಕೆಲ್ ಜೆ. ನೆಲ್ಸನ್ ಬಂದರು. ಇಬ್ಬರಲ್ಲಿ ಯಾರು ಮೇಲೆಂಬ ವಾದ ಅಭಿಮಾನಿಗಳ ನಡುವೆ ಇಂದಿಗೂ ಮುಗಿದಿಲ್ಲ.

ಹಾಸ್ಯದ ರೀತಿ

ಚಿತ್ರ ನಡೆಯುತ್ತಿರುವಾಗಲೇ ಹಾಸ್ಯದ ಮಾತು ಸೇರಿಸುವುದಕ್ಕೆ 'ರಿಫಿಂಗ್' ಎಂಬ ಹೆಸರು ಬಳಕೆಯಲ್ಲಿದೆ. ಕೆಟಿಎಂಎ ಕಾಲದಲ್ಲಿ ಈ ಮಾತುಗಳು ಬಹುಪಾಲು ಆಶುವಾಗಿದ್ದವು. ರಾಷ್ಟ್ರೀಯ ವಾಹಿನಿಗೆ ಬಂದ ಮೇಲೆ ಎಲ್ಲವನ್ನೂ ಮೊದಲೇ ಬರೆಯುವ ಪದ್ಧತಿ ಬಂದಿತು. ಬರಹಗಾರರೆಲ್ಲ ಒಂದು ಕೋಣೆಯಲ್ಲಿ ಕುಳಿತು ಅದೇ ಚಿತ್ರವನ್ನು ಮತ್ತೆ ಮತ್ತೆ ನೋಡುತ್ತಿದ್ದರು. ತೋಚಿದ ಮಾತನ್ನು ಯಾರಾದರೂ ಹೇಳಿದೊಡನೆ ಅದು ಯಾವ ಕ್ಷಣಕ್ಕೆ ಸೇರಬೇಕೆಂಬುದರೊಂದಿಗೆ ಬೆರಳಚ್ಚಾಗುತ್ತಿತ್ತು. ನೆಲ್ಸನ್ ಮೊದಲು ನೇಮಕವಾದದ್ದು ಈ ಬೆರಳಚ್ಚಿನ ಕೆಲಸಕ್ಕೇ. ಹೀಗೆ ಕೂಡಿದ ರಾಶಿಯಿಂದ ಆಯ್ದ ನೂರಾರು ಮಾತುಗಳು ಸುಮಾರು ಒಂದೂವರೆ ಗಂಟೆಯ ಸಂಚಿಕೆಯೊಂದರಲ್ಲಿ ಉಳಿಯುತ್ತಿದ್ದವು.

ಚಿತ್ರದ ಸಂಭಾಷಣೆ ಪ್ರೇಕ್ಷಕರಿಗೆ ಕೇಳಿಸಲೇಬೇಕಾದ್ದರಿಂದ ಮಾತುಗಳು ಸಂಭಾಷಣೆಯ ನಡುವಿನ ಮೌನದಲ್ಲಿ ಹಿಡಿಸಬೇಕು. ಸುಮ್ಮನೆ ನಿಂತ ಪಾತ್ರದ ಬಾಯಿಗೆ ಮಾತು ತುಂಬುವುದು, ಹಗಲು ಒಮ್ಮೆಗೇ ರಾತ್ರಿಯಾಗುವಂಥ ಸಂಕಲನದ ದೋಷವನ್ನು ಎತ್ತಿ ತೋರಿಸುವುದು, ನಟನನ್ನು ಮತ್ತಾರಿಗೋ ಹೋಲಿಸುವುದು, ಹಿಂದಿನ ಸಂಚಿಕೆಯ ನಗೆಮಾತನ್ನು ಮರಳಿ ತರುವುದು ಇದರ ಮುಖ್ಯ ತಂತ್ರಗಳು. ಸಾಹಿತ್ಯ, ಸಂಗೀತ, ರಾಜಕೀಯ, ಹಳೆಯ ಜಾಹೀರಾತು, ಮಿನೆಸೋಟದ ಊರುಕೇರಿಗಳ ಉಲ್ಲೇಖಗಳು ಧಾರಾಳವಾಗಿ ಬರುತ್ತವೆ. ಎಲ್ಲ ಮಾತೂ ಎಲ್ಲರಿಗೂ ತಿಳಿಯಬೇಕೆಂಬ ಹಟ ಬರಹಗಾರರಿಗೆ ಇರಲಿಲ್ಲ.

ಚಿತ್ರಗಳ ಆಯ್ಕೆ

ಕೆಟಿಎಂಎ ಕಾಲದಲ್ಲಿ ವಾಹಿನಿಯ ಸಂಗ್ರಹದಲ್ಲಿದ್ದ ಚಿತ್ರಗಳೇ ಬಳಕೆಯಾದವು. ಮುಂದೆ ಕಡಿಮೆ ಬೆಲೆಗೆ ಹಕ್ಕು ದೊರೆಯುವ ಚಿತ್ರಗಳನ್ನು ಹುಡುಕಿ ತರಲಾಯಿತು. 1950 ಮತ್ತು 60ರ ದಶಕಗಳ ವೈಜ್ಞಾನಿಕ ಕಲ್ಪನೆಯ ಚಿತ್ರಗಳು, ಜಪಾನಿನ ದೈತ್ಯ ಆಮೆ 'ಗಮೇರಾ'ದ ಚಿತ್ರಗಳು, ಇಟಲಿಯ ಹರ್ಕ್ಯುಲಿಸ್ ಸಾಹಸಗಳು, ರೋಜರ್ ಕಾರ್ಮನ್ ಅವರ ಮಿತವ್ಯಯದ ಚಿತ್ರಗಳು ಇವುಗಳಲ್ಲಿ ಸೇರಿವೆ. ಮುಖ್ಯ ಚಿತ್ರ ಚಿಕ್ಕದಾದಾಗ ಶಾಲಾಮಕ್ಕಳಿಗಾಗಿ ತಯಾರಾದ ಹಳೆಯ ಬೋಧಪ್ರದ ಕಿರುಚಿತ್ರಗಳನ್ನು ಜೊತೆಗೆ ತೋರಿಸುತ್ತಿದ್ದರು. ಪಶ್ಚಿಮ ಜರ್ಮನಿಯ ದೂರದರ್ಶನಕ್ಕೆಂದು 1961ರಲ್ಲಿ ತಯಾರಾದ 'ಹ್ಯಾಮ್ಲೆಟ್' ಕೂಡ ಈ ಗೇಲಿಯಿಂದ ತಪ್ಪಿಸಿಕೊಳ್ಳಲಿಲ್ಲ.

ಗೇಲಿಗೆ ಒಳಗಾದುದೆಲ್ಲ ಕಳಪೆಯೇ ಆಗಿತ್ತೆಂದು ಹೇಳಲಾಗದು. ಸೋವಿಯತ್ ನಿರ್ದೇಶಕ ಅಲೆಕ್ಸಾಂಡರ್ ಪ್ತುಷ್ಕೊ ಅವರ 'ಸಾದ್ಕೊ' ಇದಕ್ಕೆ ನಿದರ್ಶನ. ಸುಖದ ಹಕ್ಕಿಯನ್ನು ಅರಸುತ್ತ ನಾಯಕನು ಭಾರತದವರೆಗೆ ಪಯಣಿಸುವ ಈ ಚಿತ್ರ 1953ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಬೆಳ್ಳಿಯ ಸಿಂಹ ಪ್ರಶಸ್ತಿ ಪಡೆದಿತ್ತು. ಅಮೆರಿಕದ ವಿತರಕರು ಅದನ್ನು ಕತ್ತರಿಸಿ, ಇಂಗ್ಲಿಷ್ ಮಾತು ಜೋಡಿಸಿ, ನಾಯಕನನ್ನು ಸಿಂದಬಾದನನ್ನಾಗಿ ಬದಲಿಸಿ 1962ರಲ್ಲಿ ಬಿಡುಗಡೆ ಮಾಡಿದರು. ಸರಣಿಯಲ್ಲಿ ಬಂದದ್ದು ಈ ರೂಪ. ಅಲ್ಲಿ ನಗೆಗೀಡಾದುದರಲ್ಲಿ ಮೂಲ ನಿರ್ದೇಶಕರ ಪಾಲೆಷ್ಟು, ವಿತರಕರ ಪಾಲೆಷ್ಟು ಎಂಬುದು ಬೇರೆಯೇ ಪ್ರಶ್ನೆ.

'ಮ್ಯಾನೋಸ್' ಪ್ರಸಂಗ

ಸರಣಿಯ ಅತ್ಯಂತ ಪ್ರಸಿದ್ಧ ಸಂಚಿಕೆಗಳಲ್ಲಿ 1993ರ ಜನವರಿ 30ರಂದು ಪ್ರಸಾರವಾದ 'ಮ್ಯಾನೋಸ್: ದಿ ಹ್ಯಾಂಡ್ಸ್ ಆಫ್ ಫೇಟ್' ಒಂದು. ಸ್ಪ್ಯಾನಿಷ್ ಭಾಷೆಯಲ್ಲಿ 'ಮ್ಯಾನೋಸ್' ಎಂದರೆ ಕೈಗಳು. ಆದ್ದರಿಂದ ಚಿತ್ರದ ಹೆಸರಿನ ಅರ್ಥ 'ಕೈಗಳು: ವಿಧಿಯ ಕೈಗಳು' ಎಂದಾಗುತ್ತದೆ. ಟೆಕ್ಸಸ್‌ನ ಎಲ್ ಪಾಸೊ ನಗರದ ರಸಗೊಬ್ಬರ ವ್ಯಾಪಾರಿ ಹೆರಾಲ್ಡ್ ಪಿ. ವಾರೆನ್, ಚಿತ್ರಕಥೆಗಾರ ಸ್ಟರ್ಲಿಂಗ್ ಸಿಲಿಫಂಟ್ ಅವರೊಡನೆ ಪಂದ್ಯ ಕಟ್ಟಿ 1966ರಲ್ಲಿ ಇದನ್ನು ತಯಾರಿಸಿದರು. ಬರವಣಿಗೆ, ನಿರ್ದೇಶನ, ನಾಯಕ ಪಾತ್ರ ಎಲ್ಲವೂ ಅವರದೇ. ವೆಚ್ಚ ಸುಮಾರು 19,000 ಡಾಲರ್. ಕೈಯಿಂದ ಕೀಲಿ ಕೊಡುವ ಕ್ಯಾಮೆರಾದಲ್ಲಿ ಒಮ್ಮೆಗೆ 32 ಸೆಕೆಂಡುಗಳಷ್ಟು ಮಾತ್ರ ಚಿತ್ರೀಕರಿಸಬಹುದಾಗಿತ್ತು. ಧ್ವನಿಯನ್ನು ಸ್ಥಳದಲ್ಲಿ ಮುದ್ರಿಸದೆ, ಎಲ್ಲ ಪಾತ್ರಗಳ ಮಾತನ್ನೂ ಕೆಲವೇ ಮಂದಿ ಆಮೇಲೆ ಕೊಟ್ಟರು. ಎಲ್ ಪಾಸೊದಲ್ಲಿ ನಡೆದ ಮೊದಲ ಪ್ರದರ್ಶನದ ಬಳಿಕ ಚಿತ್ರ ಹೆಚ್ಚು ಕಡಿಮೆ ಕಣ್ಮರೆಯಾಯಿತು.

ಕಾನಿಫ್ ಆಯ್ದು ತಂದ ಈ ಚಿತ್ರ, ಸರಣಿಯ ಮೂಲಕ ಹೆಸರಾಯಿತು. ಆ ಹೊತ್ತಿಗೆ ವಾರೆನ್ ತೀರಿಕೊಂಡು ಏಳೆಂಟು ವರ್ಷಗಳಾಗಿದ್ದವು. ಕುಂಟುತ್ತ ನಡೆಯುವ ಸೇವಕ ಟಾರ್ಗೊ ಪಾತ್ರದಿಂದ ಹೆಸರಾದ ಜಾನ್ ರೆನಾಲ್ಡ್ಸ್ ಚಿತ್ರದ ಬಿಡುಗಡೆಗೆ ಮುನ್ನವೇ ನಿಧನರಾಗಿದ್ದರು. ತಮ್ಮ ಕೆಲಸಕ್ಕೆ ಬಂದ ನಗೆಯನ್ನೂ ಮೆಚ್ಚುಗೆಯನ್ನೂ ಇಬ್ಬರೂ ಕಾಣಲಿಲ್ಲ. 2011ರಲ್ಲಿ ಬೆನ್ ಸೊಲೊವೆ ಎಂಬ ಸಿನಿಮಾಸಕ್ತರಿಗೆ ಚಿತ್ರದ ಮೂಲ 16 ಮಿಲಿಮೀಟರ್ ಪ್ರತಿ ದೊರೆಯಿತು. ಸಾರ್ವಜನಿಕರ ದೇಣಿಗೆಯಿಂದ ಅದನ್ನು ಶುದ್ಧಗೊಳಿಸಿ 2015ರಲ್ಲಿ ಬ್ಲೂ-ರೇ ರೂಪದಲ್ಲಿ ಹೊರತರಲಾಯಿತು. ಗೇಲಿ ಮಾಡಿದ ಕಾರ್ಯಕ್ರಮವೇ ಚಿತ್ರದ ಉಳಿವಿಗೆ ಕಾರಣವಾಯಿತು.

ಪ್ರಸಾರದ ಇತಿಹಾಸ

ಕೆಟಿಎಂಎ ವಾಹಿನಿಯಲ್ಲಿ 21 ಸಂಚಿಕೆಗಳು ಪ್ರಸಾರವಾದವು. 1989ರ ನವೆಂಬರ್‌ನಲ್ಲಿ ಸರಣಿಯು ಕಾಮಿಡಿ ಚಾನೆಲ್‌ಗೆ ಬಂದಿತು. ಆ ವಾಹಿನಿ 1991ರಲ್ಲಿ ಇನ್ನೊಂದರೊಡನೆ ಸೇರಿ ಕಾಮಿಡಿ ಸೆಂಟ್ರಲ್ ಆಯಿತು. ಕೇಬಲ್ ಸಂಪರ್ಕವಿಲ್ಲದ ಊರುಗಳ ಅಭಿಮಾನಿಗಳು ವಿಎಚ್‌ಎಸ್ ಕ್ಯಾಸೆಟ್‌ಗಳನ್ನು ಅಂಚೆಯಲ್ಲಿ ಹಂಚಿಕೊಳ್ಳುತ್ತಿದ್ದರು. ಹಾಗೆ ಹಂಚುತ್ತಲೇ ಇರಿ ಎಂದು ಕಾರ್ಯಕ್ರಮದ ಕೊನೆಯ ಹೆಸರುಪಟ್ಟಿಯಲ್ಲೇ ಸೂಚಿಸಲಾಗುತ್ತಿತ್ತು. 1993ರಲ್ಲಿ ಸರಣಿಗೆ ಪೀಬಡಿ ಪ್ರಶಸ್ತಿ ದೊರೆಯಿತು. 1996ರಲ್ಲಿ ಕಾಮಿಡಿ ಸೆಂಟ್ರಲ್ ಪ್ರಸಾರ ನಿಲ್ಲಿಸಿದಾಗ ಅಭಿಮಾನಿಗಳು ಪತ್ರ ಚಳವಳಿ ನಡೆಸಿದರು. 1997ರಿಂದ 1999ರವರೆಗೆ ಸೈ-ಫೈ ಚಾನೆಲ್ ಇದನ್ನು ಪ್ರಸಾರ ಮಾಡಿತು.

ಪ್ರತಿಯೊಂದು ಸಂಚಿಕೆಯ ಒಳಗೆ ಮತ್ತೊಬ್ಬರ ಚಿತ್ರವಿರುವುದರಿಂದ, ಅದನ್ನು ಮರುಪ್ರಸಾರ ಮಾಡಲು ಅಥವಾ ಡಿವಿಡಿಯಾಗಿ ಮಾರಲು ಆ ಚಿತ್ರದ ಹಕ್ಕು ಪುನಃ ಪಡೆಯಬೇಕಾಗುತ್ತದೆ. 'ಗಾಡ್ಜಿಲಾ ವರ್ಸಸ್ ಮೆಗಲಾನ್' ಸಂಚಿಕೆಯಿದ್ದ ಡಿವಿಡಿ ಸಂಪುಟವನ್ನು ಈ ಕಾರಣಕ್ಕೆ ಮಾರುಕಟ್ಟೆಯಿಂದ ಹಿಂದೆಗೆದುಕೊಳ್ಳಬೇಕಾಯಿತು.

ಟೀಕೆ

ಕಲಾವಿದರ ಶ್ರಮವನ್ನು ಹೀಯಾಳಿಸುವ ಕಾರ್ಯಕ್ರಮವೆಂಬ ಆಕ್ಷೇಪ ಮೊದಲಿನಿಂದಲೂ ಇತ್ತು. 1996ರಲ್ಲಿ ಚಿತ್ರಮಂದಿರಗಳಿಗಾಗಿ ತಯಾರಾದ 'ಮಿಸ್ಟರಿ ಸೈನ್ಸ್ ಥಿಯೇಟರ್ 3000: ದಿ ಮೂವಿ' ಗೇಲಿಗೆ ಆರಿಸಿಕೊಂಡದ್ದು 1955ರ 'ದಿಸ್ ಐಲ್ಯಾಂಡ್ ಅರ್ಥ್' ಚಿತ್ರವನ್ನು. ಅದು ತನ್ನ ಕಾಲದಲ್ಲಿ ಗೌರವ ಪಡೆದಿದ್ದ ಚಿತ್ರ. ಅದನ್ನು ಎಷ್ಟು ಕತ್ತರಿಸಲಾಗಿತ್ತೆಂದರೆ, ಪ್ರಹಸನಗಳೆಲ್ಲ ಸೇರಿಯೂ ಹೊಸ ಚಿತ್ರದ ಅವಧಿ ಮೂಲ ಚಿತ್ರಕ್ಕಿಂತ ಕಡಿಮೆಯಾಗಿತ್ತು. 'ಹಾಬ್‌ಗಾಬ್ಲಿನ್ಸ್' (1988) ಚಿತ್ರದ ನಿರ್ದೇಶಕ ರಿಕ್ ಸ್ಲೋನ್ ಅವರದು ಬೇರೆ ಬಗೆಯ ಉದಾಹರಣೆ. ತಮ್ಮ ಚಿತ್ರವನ್ನು ಅವರೇ ಸರಣಿಗೆ ಒಪ್ಪಿಸಿದ್ದರು. 2009ರಲ್ಲಿ ಅದರ ಎರಡನೆಯ ಭಾಗವನ್ನೂ ತಯಾರಿಸಿದರು.

ಪುನರಾರಂಭ

2015ರ ಕೊನೆಯಲ್ಲಿ ಹಾಡ್ಗ್‌ಸನ್ ಕಿಕ್‌ಸ್ಟಾರ್ಟರ್ ಮೂಲಕ ಸಾರ್ವಜನಿಕರಿಂದ ಹಣ ಕೋರಿದರು. 48,270 ಮಂದಿ 57 ಲಕ್ಷ ಡಾಲರ್‌ಗಿಂತ ಹೆಚ್ಚು ಹಣ ನೀಡಿದರು. 2017ರ ಏಪ್ರಿಲ್ 14ರಂದು ನೆಟ್‌ಫ್ಲಿಕ್ಸ್‌ನಲ್ಲಿ 14 ಹೊಸ ಸಂಚಿಕೆಗಳು ಬಿಡುಗಡೆಯಾದವು. ಜೋನಾ ರೇ ಹೊಸ ನಾಯಕರಾದರೆ, ಫೆಲಿಷಿಯಾ ಡೇ ಮತ್ತು ಪ್ಯಾಟನ್ ಆಸ್ವಾಲ್ಟ್ ಹೊಸ ವಿಜ್ಞಾನಿಗಳಾದರು. 2018ರಲ್ಲಿ ಇನ್ನೂ ಆರು ಸಂಚಿಕೆಗಳು ಬಂದವು. ಎರಡನೆಯ ದೇಣಿಗೆ ಸಂಗ್ರಹದ ಬಳಿಕ 2022ರಲ್ಲಿ ಸರಣಿಯು 'ಗಿಜ್ಮೊಪ್ಲೆಕ್ಸ್' ಎಂಬ ತನ್ನದೇ ವೇದಿಕೆಯಲ್ಲಿ ಮುಂದುವರಿಯಿತು. ಬಹುಕಾಲ ದೊರೆಯದಿದ್ದ ಕೆಟಿಎಂಎ ಕಾಲದ ಮೊದಲ ಎರಡು ಸಂಚಿಕೆಗಳು 2016ರಲ್ಲಿ ದೇಣಿಗೆದಾರರಿಗೆ ಲಭ್ಯವಾದವು.

ಪ್ರಭಾವ

ಹಳೆಯ ತಂಡದವರು ಇದೇ ಕಸುಬನ್ನು ಬೇರೆ ಹೆಸರುಗಳಲ್ಲಿ ಮುಂದುವರಿಸಿದರು. ನೆಲ್ಸನ್, ಮರ್ಫಿ ಮತ್ತು ಕಾರ್ಬೆಟ್ ಅವರ 'ರಿಫ್‌ಟ್ರ್ಯಾಕ್ಸ್' 2006ರಲ್ಲಿ ಆರಂಭವಾಯಿತು. ಇದರಲ್ಲಿ ಗೇಲಿಯ ಧ್ವನಿಮುದ್ರಿಕೆಯನ್ನು ಮಾತ್ರ ಮಾರುವ ಉಪಾಯ ಕಂಡುಕೊಂಡದ್ದರಿಂದ, ಹಕ್ಕು ಕೊಳ್ಳಲಾಗದ ದೊಡ್ಡ ಚಿತ್ರಗಳನ್ನೂ ಗೇಲಿ ಮಾಡುವುದು ಸಾಧ್ಯವಾಯಿತು. ಹಾಡ್ಗ್‌ಸನ್ ಮತ್ತು ಇತರರ 'ಸಿನೆಮ್ಯಾಟಿಕ್ ಟೈಟ್ಯಾನಿಕ್' 2007ರಿಂದ 2013ರವರೆಗೆ ನಡೆಯಿತು.

ಭಾರತದಲ್ಲಿಯೂ ಈ ಬಗೆಯ ಹಾಸ್ಯ ಕಾಣಸಿಗುತ್ತದೆ. ಕರ್ನಾಟಕದ ಚಿತ್ರಮಂದಿರಗಳ 'ಗಾಂಧಿ ಕ್ಲಾಸ್' ಪ್ರೇಕ್ಷಕರು ಪರದೆಯತ್ತ ಮಾತು ಎಸೆಯುವುದು ಹಳೆಯ ರೂಢಿ. ಕಾಂತಿ ಶಾ ನಿರ್ದೇಶನದ ಹಿಂದಿ ಚಿತ್ರ 'ಗುಂಡಾ' (1998) ತನ್ನ ಪ್ರಾಸಬದ್ಧ ಸಂಭಾಷಣೆಯಿಂದಾಗಿ, ನಗುವುದಕ್ಕೆಂದೇ ನೋಡುವ ಅಭಿಮಾನಿಗಳನ್ನು ಅಂತರಜಾಲದಲ್ಲಿ ಗಳಿಸಿತು. 2010ರ ದಶಕದಲ್ಲಿ ಬೆಂಗಳೂರಿನಲ್ಲಿದ್ದ ಹಾಸ್ಯಗಾರ ಗೆಳೆಯರು ಕಾನನ್ ಗಿಲ್ ಮತ್ತು ಬಿಸ್ವ ಕಲ್ಯಾಣ್ ರಥ್ ಯೂಟ್ಯೂಬ್‌ನಲ್ಲಿ 'ಪ್ರಿಟೆನ್ಷಿಯಸ್ ಮೂವಿ ರಿವ್ಯೂಸ್' ಸರಣಿ ನಡೆಸಿ, ಹಳೆಯ ಹಿಂದಿ ಚಿತ್ರಗಳನ್ನು ವಿಮರ್ಶೆಯ ಸೋಗಿನಲ್ಲಿ ಗೇಲಿ ಮಾಡಿದರು. ಅದರಲ್ಲಿ ಇಡೀ ಚಿತ್ರವನ್ನು ತೋರಿಸದೆ, ಆಯ್ದ ತುಣುಕುಗಳ ಬಗ್ಗೆ ಇಬ್ಬರೂ ಪಕ್ಕಪಕ್ಕದಲ್ಲಿ ಕುಳಿತು ಮಾತನಾಡುತ್ತಾರೆ.