ನೀಲಗಿರಿ: ಜಮಾ ಎಷ್ಟು, ಖರ್ಚು ಎಷ್ಟು?

ನೀಲಗಿರಿ ಎಂದೊಡನೆ ನಮಗೆ ನೆನಪಾಗುವುದು ನೆಗಡಿ ಮತ್ತು ಎಣ್ಣೆ ಸೀಸೆ. ಡೊಂಬಿವಲಿಯ ನಮ್ಮ ಸೊಸೈಟಿಯ ಹಿಂದಿನ ತುಂಡು ಜಾಗದಲ್ಲಿ ಈ ಮರ ನೆಡಬೇಕೆಂದು ಕೆಲವು ಹಿರಿಯರು ಹೊರಟಿದ್ದಾರೆ. ಬೇಗ ಬೆಳೀತದೆ, ಸೊಳ್ಳೆ ಬರೋದಿಲ್ಲ, ಮನೆಗೆ ಎಣ್ಣೆಯೂ ಆಯ್ತು ಎಂಬುದು ಅವರ ಲೆಕ್ಕ. ಮುಂದಿನ ಮೀಟಿಂಗಿನಲ್ಲಿ ತೀರ್ಮಾನವಾಗಬೇಕು. ಕಾಮರ್ಸ್ ವಿದ್ಯಾರ್ಥಿಯಾದ ನನಗೆ ಜಮಾ ಕಂಡಲ್ಲಿ ಖರ್ಚಿನ ಕಡೆಯನ್ನೂ ನೋಡುವ ಚಾಳಿ. ಆದ್ದರಿಂದ ಈ ಲೇಖನ.

ಇದು ಆಸ್ಟ್ರೇಲಿಯಾದ ಮರ. ಸುಮಾರು 1790ರಲ್ಲಿ ಟಿಪ್ಪು ಸುಲ್ತಾನನು ನಂದಿಬೆಟ್ಟದ ತೋಟದಲ್ಲಿ ಇದನ್ನು ಬೆಳೆಸಿದನೆಂದು ಹೇಳುತ್ತಾರೆ. 1843ರಲ್ಲಿ ನೀಲಗಿರಿ ಬೆಟ್ಟಗಳಲ್ಲಿ ನೆಟ್ಟರು. ನಮ್ಮ ಹೆಸರು ಬಂದದ್ದು ಆ ಬೆಟ್ಟದಿಂದಲೇ. ನೆಗಡಿ ಎಣ್ಣೆಗೆ ಹೆಸರಾದ 'ಬ್ಲೂ ಗಮ್' ಜಾತಿ ಅಂಥ ತಂಪು ಸೀಮೆಯದು. ಠಾಣೆ, ಕಲ್ಯಾಣಗಳ ಸೆಖೆಗೆ ಅದು ಒಗ್ಗದು. ಬಯಲಿಗೆ ಒಗ್ಗುವುದು 'ಮೈಸೂರು ಗಮ್' ಮತ್ತು ನಿಂಬೆ ವಾಸನೆಯ ಜಾತಿ. ಎಣ್ಣೆ ಬೇಕಾದರೆ ಎಲೆಯನ್ನು ಭಟ್ಟಿ ಇಳಿಸಬೇಕು, ಅದು ಅಡುಗೆಮನೆಯ ಕೆಲಸವಲ್ಲ. ಮರ ನಿಂತ ಮಾತ್ರಕ್ಕೆ ಸೊಳ್ಳೆ ಓಡುವುದಿಲ್ಲ. ನಿಂತ ನೀರು ತೆಗೆದರೆ ಓಡೀತು.

ಆದರೂ ನೆಡುವುದಾದರೆ ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಡಬೇಕು. ದಿನವಿಡೀ ಬಿಸಿಲು ಬೀಳುವ ಜಾಗ ಬೇಕು. ಚೀಲದಲ್ಲಿ ಬೇರು ಸುರುಳಿ ಸುತ್ತಿದ ಹಳೇ ಸಸಿ ಬೇಡ, ಅಂಥದು ಮುಂದೆ ಗಾಳಿಗೆ ಉರುಳುತ್ತದೆ. ನಮ್ಮಲ್ಲಿ ಎಷ್ಟೋ ಕಡೆ ಮೇಲೆ ಮುರುಮು, ಕೆಳಗೆ ಬಂಡೆ. ಬೇರು ಇಳಿಯದೆ ಮೇಲೆಯೇ ಹರಡಿದರೆ ಆಷಾಢದ ಗಾಳಿ ಬಿಡುವುದಿಲ್ಲ. ಗೋಡೆ, ಗಟಾರ, ವಿದ್ಯುತ್ ತಂತಿಗಳಿಂದ ಕನಿಷ್ಠ ಮೂವತ್ತು ನಲವತ್ತು ಅಡಿ ದೂರವಿರಲಿ.

ಇನ್ನು ಸವರುವ ಕ್ರಮ. ಎರಡು ತುದಿ ಪೈಪೋಟಿಯಿಂದ ಏಳುತ್ತಿದ್ದರೆ ಎಳೆಯದಿರುವಾಗಲೇ ಒಂದನ್ನು ತೆಗೆಯಿರಿ. ದಪ್ಪ ಕೊಂಬೆಯನ್ನು ಮೊದಲು ಅಡಿಯಿಂದ ಸ್ವಲ್ಪ ಕೊಯ್ದು, ಆಮೇಲೆ ಮೇಲಿನಿಂದ ಕೊಯ್ಯಬೇಕು. ಇಲ್ಲವಾದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸಿಗಿದುಕೊಂಡು ಹೋಗುತ್ತದೆ. ಬುಡದ ಉಬ್ಬು ಉಳಿಯಲಿ, ಮೋಟು ಉಳಿಯದಿರಲಿ. ಎತ್ತರ ಹೆಚ್ಚಾಯಿತೆಂದು ತಲೆ ಹಾರಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಕಡಿದಲ್ಲಿ ಹತ್ತಾರು ಚಿಗುರು ಸರ್ರನೆ ಏಳುತ್ತವೆ. ಅವು ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುವುದರಿಂದ ದಪ್ಪವಾದ ಮೇಲೆ ಮಳೆಗಾಲದಲ್ಲಿ ಕಿತ್ತು ಬೀಳುತ್ತವೆ. ಕೆಳಗೆ ಮಕ್ಕಳು ಆಡುವ ಜಾಗ!

ಕಡಿಯುವುದಕ್ಕೂ ನಮ್ಮಿಷ್ಟವೊಂದೇ ಸಾಲದು. ಮಹಾರಾಷ್ಟ್ರದ ನಗರಗಳಿಗೆ 1975ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಮರ ನಮ್ಮ ಕಾಂಪೌಂಡಿನದೇ ಆದರೂ ಕಡಿಯುವ ಮೊದಲು ಮಹಾನಗರಪಾಲಿಕೆಯ ಅನುಮತಿ ಪಡೆಯಬೇಕು. ಅಂದರೆ ನೆಡಲು ಒಂದು ದಿನ ಸಾಕು, ತೆಗೆಯಲು ಅರ್ಜಿ ಬೇಕು.

ನಮ್ಮ ನಾಡಿನ ಅನುಭವವನ್ನೂ ನೋಡೋಣ. ಕೋಲಾರದ ಕಡೆ ಒಣ ಹೊಲಗಳಲ್ಲಿ ರೈತರು ಇದನ್ನು ಹಾಕಿದರು. ದನ ತಿನ್ನುವುದಿಲ್ಲ, ಕೂಲಿ ಕಡಿಮೆ, ಕಡಿದರೆ ಬುಡದಿಂದ ಮತ್ತೆ ಚಿಗುರುತ್ತದೆ. ಲಾಭ ಕಂಡಿತು, ಆದರೆ ಅದು ಮಣ್ಣಿನ ತೇವವನ್ನು ಹೀರುವ ಬಗೆಯೂ ಕಂಡಿತು. 1987ರಲ್ಲಿ ಆಗಿನ ಧಾರವಾಡ ಜಿಲ್ಲೆಯ ಕುಸನೂರಿನಲ್ಲಿ ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡ ನೆಟ್ಟು ಸತ್ಯಾಗ್ರಹ ಮಾಡಿದರು. 2017ರಲ್ಲಿ ಕರ್ನಾಟಕ ಸರ್ಕಾರವು ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಮರವೇನೂ ಪಾಪಿಯಲ್ಲ, ಅದರ ಜಾಗ ಬೇರೆ. ನಾಲ್ಕು ತಿಂಗಳು ಮಳೆ, ಎಂಟು ತಿಂಗಳು ಒಣಗುವ ನಮ್ಮ ಅಂಗಳಕ್ಕೆ ನುಗ್ಗೆಯೋ ಕರಿಬೇವೋ ಸಾಕು. ಎಣ್ಣೆಯ ಸೀಸೆ ಅಂಗಡಿಯಲ್ಲಿ ಸಿಗುತ್ತದೆ. ಮೀಟಿಂಗಿನಲ್ಲಿ ನಾನು ಹೇಳುವುದೂ ಇದನ್ನೇ. ಹಿರಿಯರು ಕೋಪಿಸಿಕೊಂಡರೆ ಈ ಸಂಚಿಕೆಯ ಒಂದು ಪ್ರತಿಯನ್ನು ಅವರ ಕೈಗೆ ಕೊಡುತ್ತೇನೆ.