ಆಸ್ಪತ್ರೆಗೆ ಸ್ಕ್ಯಾನ್ ಯಂತ್ರ: ಕೊಳ್ಳುವ ಮುನ್ನ ವಿಚಾರ

ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಯಿಂದ ರೋಗಿಯನ್ನು ಪರೀಕ್ಷಿಸಬೇಕೆಂದು ನಮ್ಮ ಪ್ರಾಚೀನ ವೈದ್ಯಶಾಸ್ತ್ರವು ವಿಧಿಸಿದೆ. ಇವುಗಳಲ್ಲಿ ದರ್ಶನಕ್ಕೆ ಚರ್ಮವೇ ಎಲ್ಲೆಯಾಗಿತ್ತು. ೧೮೯೫ರಲ್ಲಿ ಜರ್ಮನಿಯ ರಾಂಟ್ಜೆನ್ ಪಂಡಿತನು ಕ್ಷ-ಕಿರಣಗಳನ್ನು ಕಂಡುಹಿಡಿದಾಗ ಆ ಎಲ್ಲೆಯು ಮುರಿಯಿತು. ೧೯೭೧ರಲ್ಲಿ ಹೌನ್ಸ್‌ಫೀಲ್ಡನ ಸಿ.ಟಿ. ಯಂತ್ರವು ಲಂಡನ್ನಿನಲ್ಲಿ ಮೊದಲ ರೋಗಿಯ ಮಿದುಳನ್ನು ಪದರಪದರವಾಗಿ ತೋರಿಸಿತು. ಅನಂತರ ಅಯಸ್ಕಾಂತದ ಬಲದಿಂದ ನಡೆಯುವ ಎಂ.ಆರ್.ಐ. ಬಂದಿತು.

ಇಂತಹ ಬೆಲೆಬಾಳುವ ಯಂತ್ರಗಳನ್ನು ಸಣ್ಣ ಪಟ್ಟಣದ ಆಸ್ಪತ್ರೆಯೂ ಕೊಳ್ಳಬೇಕೇ? ನಮ್ಮ ಶಿರ್ತಾಡಿಯವರಿಗೆ ಇದು ಮನೆಬಾಗಿಲಿನ ಪ್ರಶ್ನೆ. ಮಳೆಗಾಲದ ರಾತ್ರಿ ಒಬ್ಬರಿಗೆ ಪಾರ್ಶ್ವವಾಯು ಬಡಿಯಿತೆನ್ನಿ. ಮೊದಲು ಮೂಡುಬಿದಿರೆಗೆ ಹೋಗಬೇಕು. ಅಲ್ಲಿಂದ ಮಂಗಳೂರಿಗೆ ಮತ್ತೆ ಸುಮಾರು ೩೫ ಕಿಲೋಮೀಟರು. ಮಿದುಳಿನ ನಾಳದಲ್ಲಿ ರಕ್ತವು ಹೆಪ್ಪುಗಟ್ಟಿದ್ದರೆ ಅದನ್ನು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡತಕ್ಕದ್ದು. ನಾಳವೊಡೆದು ರಕ್ತವು ಸೋರಿದ್ದರೆ ಅದೇ ಮದ್ದು ಮಾರಕವಾದೀತು. ಹೊರಗಿನ ಲಕ್ಷಣಗಳು ಎರಡರಲ್ಲಿಯೂ ಒಂದೇ ತೆರನಾಗಿರಬಹುದು. ಭೇದವನ್ನು ಬೇಗನೆ ತಿಳಿಸುವುದು ಸಿ.ಟಿ. ಚಿತ್ರ. ಆದುದರಿಂದ ಸಮೀಪದಲ್ಲಿ ಆ ಯಂತ್ರವಿರುವುದು ಆಡಂಬರವಲ್ಲ.

ಆದರೆ ಲೆಕ್ಕದ ಇನ್ನೊಂದು ಪಕ್ಕವನ್ನೂ ನೋಡಬೇಕು. ಸಾಲದ ಕಂತು, ವಿದ್ಯುತ್ತು, ದುರಸ್ತಿ, ಸಂಬಳ ಎಲ್ಲ ಸೇರಿ ತಿಂಗಳಿಗೆ ೬ ಲಕ್ಷ ರೂಪಾಯಿ ತಗಲುವುದೆಂದೂ ಪರೀಕ್ಷೆಯೊಂದಕ್ಕೆ ೨,೦೦೦ ರೂಪಾಯಿ ದೊರೆಯುವುದೆಂದೂ ಉದಾಹರಣೆಗಾಗಿ ಭಾವಿಸೋಣ. ವೆಚ್ಚ ಹುಟ್ಟಬೇಕಾದರೆ ತಿಂಗಳಿಗೆ ೩೦೦ ಪರೀಕ್ಷೆಗಳು, ಅಂದರೆ ದಿನಕ್ಕೆ ಹತ್ತು, ನಡೆಯಬೇಕು. ನಿಜವಾಗಿ ಬೇಕಾದವರು ನಾಲ್ವರೇ ಆದರೆ ಉಳಿದ ಆರು ಮಂದಿ ಎಲ್ಲಿಂದ ಬರಬೇಕು? ಸಾಮಾನ್ಯ ತಲೆನೋವಿನವನನ್ನೂ ಯಂತ್ರದೊಳಗೆ ಮಲಗಿಸುವ ಆಸೆ ಹುಟ್ಟುವುದು ಇಲ್ಲಿಯೇ. ಸಿ.ಟಿ.ಯಲ್ಲಿ ವಿಕಿರಣವೂ ಶರೀರಕ್ಕೆ ತಗಲುವುದರಿಂದ, ಅನಾವಶ್ಯಕವಾದ ಪರೀಕ್ಷೆಯು ಹಣಕ್ಕೆ ಮಾತ್ರವಲ್ಲ, ದೇಹಕ್ಕೂ ನಷ್ಟ.

ಇದಲ್ಲದೆ, ಚಿತ್ರವು ತಾನಾಗಿ ಮಾತನಾಡದು. ಅಕ್ಷರವರಿಯದವನ ಕೈಯಲ್ಲಿ ತಾಳೆಯೋಲೆಯಿದ್ದು ಏನು ಫಲ? ಅಪರಾತ್ರಿಯಲ್ಲಿಯೂ ಯಂತ್ರವನ್ನು ನಡೆಯಿಸುವವರು, ಚಿತ್ರವನ್ನು ಓದುವ ತಜ್ಞರು, ಓದಿದೊಡನೆ ಚಿಕಿತ್ಸೆ ಕೊಡುವ ವೈದ್ಯರು ಬೇಕು. ಚಿತ್ರವನ್ನು ದೂರದ ತಜ್ಞರಿಗೆ ಕ್ಷಣದಲ್ಲಿ ಕಳುಹಿಸುವ ಸೌಕರ್ಯವು ಈಗ ಇರುವುದರಿಂದ ಓದುವ ಕಷ್ಟವು ಕಡಮೆಯಾಗಿದೆ. ಮದ್ದು ಕೊಡುವ ಕೈ ಮಾತ್ರ ರೋಗಿಯ ಬಳಿಯಲ್ಲಿಯೇ ಇರಬೇಕು.

ನನ್ನ ಅಭಿಪ್ರಾಯವಿಷ್ಟೆ: ಈ ಮೂವರೂ ಹಗಲಿರುಳು ದೊರೆಯುವ ಆಸ್ಪತ್ರೆಯು ಸಿ.ಟಿ. ಯಂತ್ರವನ್ನು ಕೊಳ್ಳಲಿ, ಬಹುಮಟ್ಟಿಗೆ ಕಾಯಬಲ್ಲ ರೋಗಗಳಿಗಾಗಿ ಎಂ.ಆರ್.ಐ. ಮಂಗಳೂರಿನಲ್ಲಿದ್ದರೆ ಸಾಕು. ಗೃಹಸ್ಥರಾದ ನಾವು ಪರೀಕ್ಷೆಗೆ ಒಪ್ಪುವ ಮುನ್ನ ಒಂದು ಮಾತನ್ನು ವಿನಯದಿಂದ ಕೇಳೋಣ: "ಸ್ವಾಮಿ, ಈ ಚಿತ್ರದಿಂದ ಚಿಕಿತ್ಸೆಯಲ್ಲಿ ಏನು ಬದಲಾಗುವುದು?" ಒಳ್ಳೆಯ ವೈದ್ಯನು ಈ ಪ್ರಶ್ನೆಗೆ ಸಿಟ್ಟಾಗನು.